ತೂತಿನ ಮುಚ್ಚಳ

ಲೈಸೆನ್ಸ್ ಕಚೇರಿಯ ಬೆಂಚಿನಲ್ಲಿ ಪಕ್ಕಕ್ಕೇ ಕೂತಿದ್ದ ಭಾವ-ಭಾಮೈದರ ಮಾತು ಬಟ್ಟೆಗಂಟು ಇಟ್ಟುಕೊಂಡು ಕೂತಿದ್ದ ಟೈಲರೊಬ್ಬನ ಕಿವಿಗೆ ಬೀಳುತ್ತಲೇ ಇತ್ತು. ಭಾಮೈದ ತಿಗಣೆ, ಜಿರಲೆಗೆ ಔಷಧಿ ಹೊಡೆಯುವ ಕಂಪನಿ ತೆರೆಯಲು ಹೊರಟಿದ್ದ.

"ಲೈಸೆನ್ಸೇ ಕೈಗೆ ಬಂದಿಲ್ಲ, ಆಗ್ಲೇ ಒಂಬತ್ತು ಮನೆಯವರು ಕರೆದ್ರಾ?"

"ಮೊದಲು ಹೋದಾಗ ನಮ್ಮನೇಲಿ ತಿಗಣೇನೇ ಇಲ್ಲ ಅಂದಿದ್ರು ಭಾವ. ವಾರ ಬಿಟ್ಟು ಅವರೇ ಫೋನ್ ಮಾಡಿದ್ರು."

"ಮೊದಲು ಹೋದಾಗ ಏನ್ ಮಾಡಿದೆ?"

"ತಿಗಣೆ ಹೇಗಿರುತ್ತೆ ಅಂತ ಬಾಟ್ಲೀಲಿ ತೋರಿಸ್ದೆ, ಅಷ್ಟೇ."

"ಸತ್ತಿದ್ದವಾ?"

"ಸತ್ತಿದ್ದಕ್ಕೆ ಯಾರು ಹೆದರ್ತಾರೆ? ಉಸಿರಾಡ್ಲಿ ಅಂತ ಮುಚ್ಚಳಕ್ಕೆ ತೂತು ಹೊಡೆದಿದೀನಿ."

"ನನ್ನ ಕಿವಿಗೆ ಹೂವಿಡಬೇಡ. ಎಷ್ಟು ತುಂಬಿದ್ದೆ?"

"ಮೂವತ್ತು."

"ಈಗೆಷ್ಟಿವೆ?"

ಭಾಮೈದ ಚೀಲದಿಂದ ಬಾಟ್ಲಿ ತೆಗೆದು ಬೆಳಕಿಗೆ ಹಿಡಿದ.

"ಬೆಳಿಗ್ಗೆ ಹನ್ನೊಂದಿತ್ತು. ಈಗ ನಾಲ್ಕು."

ಒಳಗಿನಿಂದ ಗುಮಾಸ್ತ ಕರೆದ. ಇಬ್ಬರೂ ಎದ್ದು ಹೋದರು. ಟೈಲರ್ ತನ್ನ ಬಟ್ಟೆಗಂಟನ್ನು ನೋಡಿದ. ಆ ಚೀಲ ಇಷ್ಟು ಹೊತ್ತೂ ಅದಕ್ಕೇ ಒರಗಿತ್ತು.