ಮೊಣಕಾಲಿನಲ್ಲಿ ಪಾಲಿಲ್ಲ

ದೇಹ ದೇವರು ಕೊಟ್ಟದ್ದು ಎನ್ನುತ್ತೇವೆ. ಕೊಟ್ಟವನ ಮುಂದೆ ಬಗ್ಗುವಷ್ಟಾದರೂ ಅದನ್ನು ಕಾಪಾಡಿಕೊಂಡಿದ್ದೇವೆಯೇ? ಇದಕ್ಕೊಂದು ಕಥೆ ಇದೆ, ಕೇಳಿ.

ಒಂದು ಊರಿನಲ್ಲಿ ಒಬ್ಬ ಸಾಹುಕಾರ. ಅವನಿಗೆ ಬಗ್ಗುವ ಪ್ರಸಂಗವೇ ಬರುತ್ತಿರಲಿಲ್ಲ, ನೋಡಿ. ಊಟಕ್ಕೆ ಮೇಜು, ಪೂಜೆಗೆ ಎತ್ತರದ ಪೀಠ, ಚಪ್ಪಲಿ ತೊಡಿಸಲು ಆಳು. ಬಗ್ಗದೆ ಬಗ್ಗದೆ ಮೊಣಕಾಲು ತುಕ್ಕು ಹಿಡಿದ ಕೀಲಿನ ಹಾಗಾಯಿತು. ಹೆಂಡತಿ ಅವನನ್ನು ವೈದ್ಯರ ಬಳಿಗೆ ಕರೆದೊಯ್ದಳು. "ಸವೆತ ಹೆಚ್ಚಿಲ್ಲ, ದಿನವೂ ಸ್ವಲ್ಪ ಆಡಿಸಿ ಸಾಕು" ಎಂದು ಅವರು ಕೆಲವು ಸಣ್ಣ ವ್ಯಾಯಾಮ ತೋರಿಸಿದರು. ಸಾಹುಕಾರ ಆಕಳಿಸಿದ. ಹೆಂಡತಿ ಕಲಿತುಕೊಂಡಳು.

ಮರುದಿನ ಬೆಳಿಗ್ಗೆ ಅವಳು ಅವನೆದುರು ಕುರ್ಚಿ ಹಾಕಿಕೊಂಡು ಕೂತಳು.

"ರೀ, ನನ್ನ ಜೊತೆ ಮಾಡಿ. ಕಾಲನ್ನು ಮೆಲ್ಲಗೆ ಮುಂದಕ್ಕೆ ಚಾಚಿ. ಕೇಶವ, ನಾರಾಯಣ, ಮಾಧವ ಅನ್ನುವಷ್ಟು ಹೊತ್ತು ಹಿಡಿದು ಇಳಿಸಿ."

"ನೀನೇ ಮಾಡು ಮಾರಾಯ್ತಿ," ಅವನು ಪತ್ರಿಕೆಯಿಂದ ತಲೆ ಎತ್ತಲಿಲ್ಲ. "ಹೆಂಡತಿ ಮಾಡಿದ ಪುಣ್ಯದಲ್ಲಿ ಅರ್ಧ ಗಂಡನಿಗೆ ತಾನೇ?"

"ಹಾಗಾದರೆ ಊಟಾನೂ ನಾನೇ ಮಾಡ್ತೀನಿ. ಅರ್ಧ ಹೊಟ್ಟೆ ನಿಮಗೆ ತುಂಬುತ್ತೆ."

ಅವನು ನಕ್ಕ. ಕಾಲು ಎತ್ತಲಿಲ್ಲ. ವರ್ಷಗಟ್ಟಲೆ ಹೀಗೆಯೇ. ಅವಳು ಕುರ್ಚಿ ಹಾಕುವಳು, ಅವನು ನಾಳೆ ಎನ್ನುವನು.

ಆಮೇಲೆ ಹೆಂಡತಿ ಕಾಯಿಲೆ ಬಿದ್ದಳು. ಏಳಲೇ ಇಲ್ಲ. ಕೊನೆಯ ಹೊತ್ತು ಬಂತೆಂದು, ಹಿರಿಯರ ಪದ್ಧತಿಯಂತೆ, ಅವಳನ್ನು ಮಂಚದಿಂದ ಇಳಿಸಿ ನೆಲದ ಮೇಲೆ ಚಾಪೆ ಹಾಸಿ ಮಲಗಿಸಿದರು. ತುಳಸಿ ನೀರು ತುಂಬಿದ ಉದ್ಧರಣೆಯನ್ನು ಅವಳ ತಂಗಿ ಸಾಹುಕಾರನ ಕೈಗಿಟ್ಟಳು.

"ಭಾವ, ನೀವೇ ಬಾಯಿಗೆ ಬಿಡಿ. ಬೇಗ."

ಅವನು ಬಗ್ಗಿದ. ಮೊಣಕಾಲು ಅರ್ಧಕ್ಕೇ ನಿಂತಿತು. ಗೋಡೆ ಹಿಡಿದ, ಮಂಚ ಹಿಡಿದ. ಇಬ್ಬರು ಕಂಕುಳಿಗೆ ಕೈಕೊಟ್ಟು ಇಳಿಸಲು ನೋಡಿದರು. ನೋವಿಗೆ ಅವನು ಕೂಗಿಕೊಂಡ. ನೀರು ಅವನ ಪಂಚೆಯ ಮೇಲೆಯೇ ಚೆಲ್ಲಿತು. ಆ ಕೂಗಿಗೆ ಹೆಂಡತಿ ಕಣ್ಣು ತೆರೆದಳು. ತುಟಿ ಅಲುಗಿತು.

"ಏನಂದಳು? ಏನಂದಳು ಹೇಳಮ್ಮ!"

ತಂಗಿ ಅವಳ ಬಾಯಿಗೆ ಕಿವಿಯಿಟ್ಟಳು. "ಅವರನ್ನ ಬಗ್ಗಿಸಬೇಡಿ, ನೋಯುತ್ತೆ ಅಂತಿದಾಳೆ, ಭಾವ."

ಮತ್ತೆ ನೀರು ತುಂಬಿ ತಂಗಿಯೇ ಬಿಟ್ಟಳು. ಹೆಂಡತಿಯದು ಅದೇ ಕೊನೆಯ ಮಾತು. ಎಲ್ಲವನ್ನೂ ಕೊಳ್ಳಬಲ್ಲವನಿಗೆ ಆ ಮಾತನ್ನು ಅವಳ ದನಿಯಲ್ಲಿ ಕೇಳುವ ಭಾಗ್ಯ ಇರಲಿಲ್ಲ.

ಕರ್ಮಗಳೆಲ್ಲ ಮುಗಿದ ಮೇಲೆ ಅವನು ತನ್ನ ಎದುರು ಒಂದು ಖಾಲಿ ಕುರ್ಚಿ ಹಾಕಿಸಿದ. ಕೇಶವ, ನಾರಾಯಣ, ಮಾಧವ. ಕಾಲು ನಡುಗಿತು. ಬಿಡಲಿಲ್ಲ. ವರ್ಷದ ತಿಥಿಯ ಹೊತ್ತಿಗೆ ಗೋಡೆ ಹಿಡಿದು ನೆಲಕ್ಕೆ ಇಳಿದ. ಚಾಪೆ ಹಾಸಿದ್ದ ಜಾಗದಲ್ಲೇ ಕೂತ. ಕೂತು ಏನು ಕೇಳಬೇಕು? ಯಾರು ಹೇಳಬೇಕು?

ತಾಯಂದಿರೇ, ಹಿರಿಯರೇ, ಪುಣ್ಯದಲ್ಲಿ ಪಾಲು ಇದ್ದೀತು. ಮೊಣಕಾಲಿನಲ್ಲಿ ಪಾಲಿಲ್ಲ. ನಿಮ್ಮ ಕಾಲನ್ನು ನೀವೇ ಎತ್ತಬೇಕು. ಬೆಳಗಿನ ಕಾಫಿಗೆ ಮೊದಲು ಕುರ್ಚಿಯಲ್ಲಿ ಕೂತು ಒಂದೊಂದೇ ಕಾಲು ಚಾಚಿ. ಮಲಗಿದಾಗ ಮೊಣಕಾಲ ಕೆಳಗೆ ಸುತ್ತಿದ ಟವೆಲ್ ಇಟ್ಟು ಮೆಲ್ಲಗೆ ಒತ್ತಿ, ಬಿಡಿ. ಕಿಟಕಿಯ ಸರಳು ಹಿಡಿದು ಸ್ವಲ್ಪವೇ ಮೊಣಕಾಲು ಬಗ್ಗಿಸಿ, ಏಳಿ. ನೋಯುವಷ್ಟು ಬೇಡ. ಊದಿದ್ದರೆ ವೈದ್ಯರಿಗೆ ತೋರಿಸಿ, ಹಟ ಭಕ್ತಿಯಲ್ಲ. ಮನೆಯಲ್ಲಿ ಯಾರಾದರೂ "ಕಾಲು ಆಡಿಸಿ" ಎಂದು ಗೊಣಗುತ್ತಿದ್ದರೆ, ನಗಬೇಡಿ. ಅವರ ಎದುರಿಗೇ ಹೋಗಿ ಕೂತುಕೊಳ್ಳಿ.

ಮಂಗಳಾರತಿ ಸ್ವಲ್ಪ ಕಾಯಲಿ. ಕೂತ ಕುರ್ಚಿಯಿಂದ ಏಳಬೇಡಿ. ದೇವರ ಕಡೆಗೆ ಕಾಲು ಚಾಚುವುದೇ ಎಂದು ಅಂಜಬೇಡಿ, ಕೊಟ್ಟವನು ಅವನೇ. ಮೊದಲು ಬಲಗಾಲು. ಕೇಶವ... ನಾರಾಯಣ... ಮಾಧವ... ಮೆಲ್ಲಗೆ ಇಳಿಸಿ.