ಪಾವಟಿಗಿ ಮ್ಯಾಲ ಕುಂತಾಕಿ

ಕಂದೀಲ ಸಣ್ಣ ಮಾಡ್ರಿ. ಕೂಸುಗಳು ಮಲಗ್ಯಾವಲ್ಲ? ಹಂಗಾದ್ರ ಹೇಳತೀನಿ. ಇದು ಕಟ್ಟಿದ ಕತಿ ಅಲ್ಲ... ನಮ್ಮ ಚಿಗವ್ವನ ಮಗಳು ಹಾಲವ್ವಗ ಆಗಿದ್ದು. ಆಕೀ ಬಾಯಾಗಿಂದನ ಕೇಳೀನಿ.

ಜತ್ತ ಸಂಸ್ಥಾನದ ಆಳಿಕಿ ಹೋಗಿ ನಾಕೈದು ವರ್ಷ ಆಗಿತ್ತು. ಹಾಲವ್ವನ್ನ ವಳಸಂಗದ ಮಲಕಾಜಪ್ಪಗ ಎರಡನೇ ಸಂಬಂಧ ಕೊಟ್ಟಿದ್ರು. ಮೊದಲನೇ ಹೇಣ್ತಿ ಸಾವಿತ್ರವ್ವ ಬಾಣಂತನದಾಗ ಬಾವಿಗಿ ಬಿದ್ದು ಸತ್ತಿದ್ಳು. ಕಾಲು ಜಾರೇತಿ ಅಂದಿದ್ಳು ಅತ್ತಿ ಗುರವ್ವ. ಊರೂ ಹೂಂ ಅಂದಿತ್ತು.

ಹಾಲವ್ವಗ ತಾಯಿ ಇಲ್ಲ. ಅದಕ್ಕ ಚೊಚ್ಚಲ ಬಾಣಂತನ ಗಂಡನ ಮನ್ಯಾಗನ ಆತು. ಹೆಣ್ಣು ಕೂಸು. ಸೂಲಗಿತ್ತಿ ಇಮಾಮಬಿ ಹೆರಿಗಿ ಮಾಡಿಸಿ ಹೋದ್ಳು. ಐದನೇ ದಿನದಿಂದ ಹಾಲವ್ವ ಮಾತು ಬಿಟ್ಟಳು. ನಿದ್ದಿ ಇಲ್ಲ. ಕಣ್ಣೀರೂ ಇಲ್ಲ. ಕೂಸು ಅತ್ರ ಬಾಜೂ ಮನ್ಯಾಗ ಅತ್ತಂಗ ಕೇಳತಿತ್ತಂತ. ಎದಿ ಹಾಲು ಸುರದು ಕುಬಸ ತೊಯ್ದ್ರೂ ಅದು ತನ್ನ ಮೈ ಅನ್ನಸಲಿಲ್ಲಂತ. ಈ ಕೂಸಿಗಿ ನಾ ಇರದಿದ್ರನ ಚಲೋ ಅನ್ನೋದೊಂದ ತಲ್ಯಾಗ ತಿರಗತಿತ್ತು.

ಇಮಾಮಬಿ ಬಂದು ನೋಡಿದ್ಳು. ಇದು ದೆವ್ವಲ್ಲ, ಬಾಣಂತ್ಯಾರಿಗಿ ಒಮ್ಮೊಮ್ಮೆ ಮನಸು ಹಿಂಗ ಕುಸೀತೈತಿ, ಮಲಗಾಕ ಬಿಡ್ರಿ, ಬಿಸಿ ಅನ್ನಾ ಹಾಕ್ರಿ, ಒಬ್ಬಾಕೀನ ಬಿಡಬ್ಯಾಡ್ರಿ ಅಂತ ಕೈಮುಗದು ಹೇಳಿದ್ಳು. ಗುರವ್ವ ಕೇಳಬೇಕಲ್ಲ. ದೆವ್ವ ಬಿಡಸಾಂವನ್ನ ಕರಸಿದ್ಳು. ಹದಿನೆಂಟು ದಿನದ ಬಾಣಂತಿ... ತಲಿ ಬಿಚ್ಚಿಸಿ ಮೂಗಿಗಿ ಮೆಣಸಿನಕಾಯಿ ಹೊಗಿ ಹಿಡದ್ರು. ಬೇವಿನ ಬರಲಿನಿಂದ ಬೆನ್ನಿಗಿ ಬಡದ್ರು. ಸಪ್ಪ್... ಸಪ್ಪ್... ಮಲಕಾಜಪ್ಪ ಕಟ್ಟಿ ಮ್ಯಾಲ ಕುಂತು ಎಲಿ ಅಡಿಕಿ ಹಾಕತಿದ್ದ. ಇದನ್ನ ಹೇಳುವಾಗ ಈಗೂ ನನ್ನ ಹಲ್ಲು ಕಟಕಟ ಅಂತಾವ. ನನಗ ದೆವ್ವದ ಮ್ಯಾಲ ಸಿಟ್ಟಿಲ್ಲ. ಆ ಮನಿ ಮಂದಿ ಮ್ಯಾಲ ಐತಿ.

ಆ ರಾತ್ರಿ ಎಲ್ಲಾರೂ ಮಲಗಿದ ಮ್ಯಾಲ ಹಾಲವ್ವ ಎದ್ದು ಅದ ಬಾವಿಗಿ ಹೋದ್ಳು. ಪಾವಟಿಗಿ ಇಳದ್ಳು. ಒಂದು... ಎರಡು... ಕೆಳಗ, ನೀರಿನ ಅಂಚಿಗಿ, ಒಬ್ಬಾಕಿ ಬೆನ್ನು ಮಾಡಿ ಕುಂತಿದ್ಳು. ಸೆರಗಿನಿಂದ ನೀರು... ತಟಕ್... ತಟಕ್. ಕಪ್ಪಿ ಸುದ್ದಾ ಒದರವಲ್ಲವು.

ಆಕಿ ತಿರಗಿ ನೋಡಲಿಲ್ಲ. ಪಿಸುಮಾತಿನಾಗ ಅಂದ್ಳು:

"ಇಲ್ಲಿ ಜಾಗಾ ಇಲ್ಲ."

ಹಾಲವ್ವ ಅಲ್ಲೇ ನಿಂತಳು.

"ನನಗೂ ಹಿಂಗನ ಬಡದಿದ್ರು... ಹೋಗು. ಇಮಾಮಬಿನ ಎಬ್ಬಸು."

ಹೆಂಗ ಮ್ಯಾಲ ಹತ್ತಿದ್ಳೋ ಆಕೀಗಿ ನೆನಪಿಲ್ಲ. ಇಮಾಮಬಿ ಬಾಗಲಾ ತಗದಾಗ ಹಾಲವ್ವ ಬಾಯಿ ಬಿಟ್ಟು ಎಲ್ಲಾ ಹೇಳಿದ್ಳು. ಹದಿಮೂರು ದಿನದ ಮ್ಯಾಲ ಅದ ಮೊದಲನೇ ಮಾತು. ಇಮಾಮಬಿ ಆಕೀನ್ನ ಕೈಹಿಡದು ಒಳಗ ಕರಕೊಂಡ್ಳು. ಸಾವಿತ್ರವ್ವನ ಹೆರಿಗಿನೂ ಆಕಿನ ಮಾಡಿಸಿದ್ಳು. ಆಗೂ ಇದ ಮಾತು ಹೇಳಿದ್ಳು, ಆಗೂ ಯಾರೂ ಕೇಳಿದ್ದಿಲ್ಲ.

ಹಾಲವ್ವನ್ನ ತನ್ನ ಹಾಸಿಗಿ ಮ್ಯಾಲ ಮಲಗಿಸಿ, ಮಗಳು ಮಹಮುದಾನ್ನ ಬಾಜೂಕ ಕುಂದ್ರಿಸಿ, ಕಂದೀಲ ಹಿಡದು ಗುರವ್ವನ ಮನಿಗಿ ಹೋದ್ಳು. ಬಾಗಲದಾಗ ನಿಂತು, ಓಣಿಗೆಲ್ಲಾ ಕೇಳೂ ಹಂಗ ಅಂದ್ಳು:

"ಕೂಸ ತಾ. ಒಂದ ಹೆಣಾ ಸಾಲಲಿಲ್ಲೇನು ನಿನಗ?"

ಮಲಕಾಜಪ್ಪ ಬಡಿಗಿ ಹಿಡದು ಎದ್ದ. ಓಣಿ ಬಾಗಲಾ ಒಂದೊಂದ ತಗದವು. ಅಂವ ಬಡಿಗಿ ಇಟ್ಟು ಒಳಗ ಹೋದ. ಗುರವ್ವ ಕೂಸು ತಂದು ಕೊಟ್ಟಳು.

ಇಮಾಮಬಿ ಹೇಳಿ ಕಳಿಸಿದ್ದಕ್ಕ ಮರುದಿನ ಡಫಳಾಪುರದಿಂದ ಹಾಲವ್ವನ ಅಪ್ಪ ದುಂಡಪ್ಪ ಗಾಡಿ ಹೊಡಕೊಂಡು ಬಂದು ಇಬ್ಬರನ್ನೂ ಕರಕೊಂಡು ಹೋದ. ಹಾಲವ್ವ ಕೂಸಿನ ಮಾರಿ ನೋಡಿ ನಗಾಕ ನಾಕು ತಿಂಗಳಾತು. ಆ ಮನಿಗಿ ಆಕಿ ಮತ್ತ ಕಾಲಿಡಲಿಲ್ಲ.

ಒಂದ ಮಾತು ಉಳೀತು. ಗಾಡಿ ಹತ್ತೂ ಮೊದಲ ಇಮಾಮಬಿ ಆಕೀಗಿ ನೀರು ಎರಿಯಾಕ ಕುಂದ್ರಿಸಿದ್ಳು. ಸೆರಗು ಸರಿಸಿ ನೋಡತಾಳ... ತಲಿ ಹಿಕ್ಕಿ ಬಿಗಿ ಹೆರಳು ಹಾಕೇತಿ. ಬಾವಿಗಿ ಇಳಿಯೂವಾಗ ತಲಿ ಬಿಚ್ಚೇ ಇತ್ತು, ಹಾಲವ್ವ ಹಾಕ್ಕೊಂಡಿದ್ದಿಲ್ಲ. ಮಹಮುದಾ ಮುಟ್ಟಿದ್ದಿಲ್ಲ. ಹೆರಳ ತುಂಬ ಹರಳೆಣ್ಣಿ, ಇನ್ನಾ ಹಸಿ ಇತ್ತು. ಖರೇ ಹೇಳತೀನಿ.