ಮುಚ್ಚಲು ಮರೆತ ಪುಟ

ಬಸ್ಸಿನ ಮುಂದಿನ ಸೀಟಿನಲ್ಲಿ ಕೂತ ಕಿರಿಯ ಟೀಚರು ಮತ್ತು ಹೆಡ್‌ಮೇಡಂ ಅವರ ಮಾತಿಗೆ ಹಿಂದಿದ್ದ ದರ್ಜಿಯ ಕಿವಿ ತಾನಾಗಿ ನಿಮಿರಿತು.

“ಮಕ್ಕಳೇ ಕಥೆ ಬರೀಲಿ ಅಂತ ಚಿತ್ರದ ಪುಸ್ತಕದ ಅಕ್ಷರಕ್ಕೆಲ್ಲ ಕಾಗದ ಅಂಟಿಸಿದ್ದೆ ಮೇಡಂ. ಕೊನೇ ಪುಟ ಮರೆತೇಬಿಟ್ಟೆ.”

“ಸರಿಹೋಯ್ತು! ಎಲ್ಲರೂ ಅದನ್ನೇ ಇಳಿಸಿಕೊಂಡಿರ್ತಾರೆ.”

“ಹೂಂ. ‘ಕರಡಿ ಮನೆಗೆ ಹೋಯಿತು.’ ಒಬ್ಬಳನ್ನ ಬಿಟ್ಟು.”

“ಯಾವಳವ್ವಾ ಆ ಪುಣ್ಯಾತ್ಗಿತ್ತಿ?”

“ಕೆಳಗಿನ ತರಗತಿಗೆ ಕಳಿಸೋಣ ಅಂದಿದ್ರಲ್ಲ, ಅವಳೇ.”

“ವರ್ಷವೆಲ್ಲ ಒಂದಕ್ಷರ ಗೀಚದೋಳು! ಏನು ಬರೆದ್ಲು?”

“‘ಕರಡಿ ಬಾಗಿಲಲ್ಲೇ ನಿಂತಿತು. ಒಳಗೆ ಯಾರೋ ಅಳುತ್ತಿದ್ದರು.’”

ಹೆಡ್‌ಮೇಡಂ ಟೀಚರ ಕಡೆಗೆ ತಿರುಗಿ ಕೂತರು.

“ಯಾರಂತೆ ಅಳ್ತಿದ್ದಿದ್ದು?”

“ನಾಳೆ ಬರೀತೀನಿ ಅಂದಳು.”

“ಹಾಗಾದ್ರೆ ಅವಳು ಇದೇ ತರಗತೀಲಿರಲಿ. ನನಗೂ ಗೊತ್ತಾಗ್ಬೇಡ್ವೇ?”

ದರ್ಜಿಗೂ ಗೊತ್ತಾಗಬೇಕಿತ್ತು. ಅಷ್ಟರಲ್ಲಿ ಅವರ ನಿಲ್ದಾಣ ಬಂತು, ಇಬ್ಬರೂ ಇಳಿದುಹೋದರು.